ಮೆತ್ತನೆಯ ಮೀನು

ಮೂರು ವರ್ಷಗಳ ಹಿಂದೆ ಮಗ ಮಿನೆಸೋಟಾದಿಂದ ರಜೆಗೆಂದು ಬಂದಾಗ ತಾಯಿಗೆ ಒಂದು ಉಣ್ಣೆಯ ಶಾಲನ್ನೂ ನನಗೆ ಒಂದು ಉದ್ದನೆಯ ಡಬ್ಬಿಯನ್ನೂ ತಂದಿದ್ದ. ಮುಚ್ಚಳ ತೆರೆದೊಡನೆ ಬಡೇಸೋಪಿನ ವಾಸನೆ ಮೂಗಿಗೆ ಬಡಿಯಿತು. ಒಳಗೆ ಎಂಟು ರಬ್ಬರಿನ ಮೀನುಗಳು. ಒಂದೊಂದೂ ಗೇಣಿಗಿಂತ ಉದ್ದ. ಮುಟ್ಟಿದರೆ ಹಲಸಿನ ತೊಳೆಯಂತೆ ಮೆತ್ತಗೆ. ಬಾಲ ಹಿಡಿದು ಅಲ್ಲಾಡಿಸಿದರೆ ಇಡೀ ಮೈ ಬಳುಕುವಂತಹವು. "ಇವನ್ನು ನಿನ್ನ ಮಕ್ಕಳಿಗೆ ಆಡಲು ಕೊಡು, ಅಪ್ಪನಿಗೇಕೆ?" ಎಂದು ನನ್ನ ಹೆಂಡತಿ ಕೇಳಿದಳು. ಮಗ ನಕ್ಕು, "ಮಸ್ಕಿಗೆ ಹಾಕುವುದು" ಎಂದ.

ಮಸ್ಕಿ ಎಂದೊಡನೆ ನನಗೆ ನೆನಪಾದದ್ದು ರಾಯಚೂರು ಜಿಲ್ಲೆಯ ಊರು. 1915ರಲ್ಲಿ ಸಿಕ್ಕಿ, ದೇವಾನಾಂಪ್ರಿಯನೆಂಬುವನು ಅಶೋಕನೇ ಎಂದು ಜಗತ್ತಿಗೆ ತಿಳಿಸಿದ ಶಾಸನದ ಬಂಡೆ. ಮಗನ ಮಸ್ಕಿ ಬೇರೆ. ಅದು ಉತ್ತರ ಅಮೆರಿಕದ ಸಿಹಿನೀರಿನ ಸರೋವರಗಳ ಒಂದು ದೊಡ್ಡ ಬೇಟೆಮೀನು. ಪೂರ್ಣ ಹೆಸರು ಮಸ್ಕಲಂಜ್. ಒಬ್ಬ ಆಳಿನ ಎದೆಯ ಮಟ್ಟಕ್ಕೆ ಬರುವಷ್ಟು ಉದ್ದ ಬೆಳೆಯುವ, ಸೂಜಿಯಂಥ ಹಲ್ಲುಗಳ ಈ ಮೀನನ್ನು ಅಲ್ಲಿಯವರು 'ಹತ್ತು ಸಾವಿರ ಎಸೆತಗಳ ಮೀನು' ಎನ್ನುತ್ತಾರಂತೆ. ಆಮಿಷದ ಬೆನ್ನು ಹತ್ತಿ ದೋಣಿಯ ಪಕ್ಕದವರೆಗೂ ಬಂದು, ಕಚ್ಚದೆ, ನೋಡಿ ಹಿಂದಿರುಗುವುದು ಅದರ ಸ್ವಭಾವ. ಆದ್ದರಿಂದ ಪ್ರತಿ ಎಸೆತದ ಕೊನೆಯಲ್ಲಿಯೂ ಕೋಲಿನ ತುದಿಯನ್ನು ನೀರಿನಲ್ಲಿ ಮುಳುಗಿಸಿ ಎಂಟರ ಅಂಕಿಯನ್ನು ಬರೆಯಬೇಕು. ನಮ್ಮ ೮ ಅಲ್ಲ. ಅದನ್ನು ಬರೆದರೆ ಮೀನು ಅರ್ಧದಲ್ಲೇ ದಾರಿ ತಪ್ಪೀತು. ಸುತ್ತಿ ಬಂದು ಕೂಡಿಕೊಳ್ಳುವ ಇಂಗ್ಲಿಷಿನ 8. ಮಗ ಇದನ್ನು ಹಜಾರದಲ್ಲಿ ಛತ್ರಿಯ ಕೋಲು ಹಿಡಿದು ಮಾಡಿ ತೋರಿಸಿದ.

ನಾನು ಹುಟ್ಟಿದ್ದು ಕುಮಟಾ ತಾಲೂಕಿನಲ್ಲಿ, ಅಘನಾಶಿನಿ ಸಮುದ್ರವನ್ನು ಸೇರುವ ಅಳಿವೆಯ ದಂಡೆಯಲ್ಲಿ. ತಂದೆ ಗಜನಿ ಗದ್ದೆಯ ಕಟ್ಟೆಯ ಮೇಲೆ ಕುಳಿತು ಕೈದಾರದಲ್ಲಿ ಮೀನು ಹಿಡಿಯುತ್ತಿದ್ದರು. ಕೋಲಿಲ್ಲ, ಚಕ್ರವಿಲ್ಲ; ಒಂದು ತುಂಡು ಸೀಸ, ಒಂದು ಗಾಳ, ಗಾಳಕ್ಕೆ ಜೀವಂತ ಶೆಟ್ಲಿ. ಸತ್ತ ಶೆಟ್ಲಿಯನ್ನು ಹಾಕಿದರೆ ಮೀನಿಗೆ ಗೊತ್ತಾಗುತ್ತದೆ ಎನ್ನುತ್ತಿದ್ದರು. ಬ್ಯಾಂಕಿನ ನೌಕರಿ ನನ್ನನ್ನು ಮುಂಬಯಿಗೆ ತಂದಿತು. ಡೊಂಬಿವಲಿಯಲ್ಲಿ ಹಲವು ವರ್ಷ ಕಳೆದು, 1992ರಲ್ಲಿ ಖಾಡಿಯನ್ನು ದಾಟಿ ವಾಶಿಗೆ ರೈಲು ಬಂದ ಮರುವರ್ಷ ಇಲ್ಲಿ ಮನೆ ಮಾಡಿದೆವು. ಇಪ್ಪತ್ತು ವರ್ಷಗಳ ಕಾಲ ದಿನಕ್ಕೆ ಎರಡು ಬಾರಿ ಆ ಸೇತುವೆಯನ್ನು ರೈಲಿನಲ್ಲಿ ದಾಟಿದೆ. ಕಿಟಕಿಯ ಪಕ್ಕ ಜಾಗ ಸಿಕ್ಕಿದ ದಿನ ಕೆಳಗಿನ ನೀರನ್ನು ನೋಡುತ್ತಿದ್ದೆನೇ ಹೊರತು ಅದರಲ್ಲಿ ಮೀನಿದೆಯೆಂದು ಎಣಿಸಿದ್ದಿಲ್ಲ. ಚಹದ ಬಣ್ಣದ ನೀರು, ಕಾಂದಲದ ಬೇರುಗಳಿಗೆ ಸಿಕ್ಕಿಬಿದ್ದ ಚೀಲಗಳು, ಆಚೆಗೆ ಕಾರಖಾನೆಗಳ ಹೊಗೆ.

ಮೀನಿದೆಯೆಂದು ತೋರಿಸಿಕೊಟ್ಟವರು ವಾಶಿಗಾಂವಿನ ಒಬ್ಬ ಕೋಳಿ ಮೀನುಗಾರರು. ನಾನು ಅವರನ್ನು ಮಾಮಾ ಎನ್ನುತ್ತೇನೆ, ಅವರು ನನ್ನನ್ನು ಸಾಹೇಬ ಎನ್ನುತ್ತಾರೆ. ವಯಸ್ಸಿನಲ್ಲಿ ನಾನೇ ಹಿರಿಯ. ವಾಶಿ ಎಂದರೆ ಸಿಡ್ಕೋ ಕಟ್ಟಿದ ಸೆಕ್ಟರುಗಳು ಎಂದುಕೊಂಡಿರುವ ನಮ್ಮಂಥವರಿಗೆ, ಸೆಕ್ಟರುಗಳಿಗೆ ಮೊದಲು ಒಂದು ಗಾಂವ್ ಇತ್ತು, ಅದು ಈಗಲೂ ಇದೆ ಎಂಬುದು ನಿವೃತ್ತಿಯ ನಂತರವೇ ತಿಳಿಯುವ ಸಂಗತಿ. ಖಾಡಿಯಲ್ಲಿ ಬೊಯ್ ಇದೆ, ಶಿಂಗಾಳಾ ಇದೆ, ಕೆಸರಿನ ಮೇಲೆ ನೆಗೆಯುವ ನಿವಟಿ ಇದೆ. ಎಲ್ಲಕ್ಕಿಂತ ಮಿಗಿಲಾಗಿ ಜಿತಾಡಾ ಇದೆ. ಮಲಯಾಳಿಗರ ಕಾಳಾಂಜಿ, ತಮಿಳರ ಕೊಡುವಾ, ಬಂಗಾಳಿಗಳ ಭೇಟ್ಕಿ, ಎಲ್ಲವೂ ಇದೇ ಮೀನು. ಉಪ್ಪುನೀರಿನಲ್ಲಿ ಹುಟ್ಟಿ ಸಿಹಿನೀರಿನ ಕಡೆಗೆ ನುಗ್ಗಿ ಬೆಳೆಯುತ್ತದೆ. ಮೊದಲು ಗಂಡಾಗಿದ್ದು ಕೆಲವು ವರ್ಷಗಳ ಬಳಿಕ ಹೆಣ್ಣಾಗುತ್ತದೆ. ಹಾಗಾಗಿ ದೊಡ್ಡ ಜಿತಾಡಾಗಳೆಲ್ಲ ಬಹುಮಟ್ಟಿಗೆ ಹೆಣ್ಣುಗಳೇ. ಅಂಥದ್ದು ಸಿಕ್ಕರೆ ಬಿಟ್ಟುಬಿಡಬೇಕೆಂದು ನಾನು ನಿಶ್ಚಯಿಸಿಕೊಂಡಿದ್ದೇನೆ. ಈವರೆಗೆ ಆ ನಿಶ್ಚಯಕ್ಕೆ ಪರೀಕ್ಷೆ ಬಂದಿಲ್ಲ.

ಮಸ್ಕಿಯ ಆಮಿಷ ಜಿತಾಡಾಕ್ಕೆ ದೊಡ್ಡದಾಯಿತು. ಕತ್ತರಿಸಬೇಕಾಯಿತು. ಇಲ್ಲಿಂದ ನನ್ನ ನಿಜವಾದ ವಿದ್ಯಾಭ್ಯಾಸ ಆರಂಭವಾಯಿತೆನ್ನಬಹುದು. ನಾವು ರಬ್ಬರು ಎಂದರೂ ಇದು ರಬ್ಬರಲ್ಲ, ಪಿ.ವಿ.ಸಿ. ಕೊಳವೆಯ ಜಾತಿಯದ್ದೇ, ಮೆದುಗೊಳಿಸುವ ಎಣ್ಣೆಯಂಥ ದ್ರವವನ್ನು ಹೇರಳವಾಗಿ ಸೇರಿಸಿ ಕಾಯಿಸಿ ಎರಕ ಹೊಯ್ದದ್ದು. ಆ ದ್ರವ ಸುಮ್ಮನಿರುವುದಿಲ್ಲ. ಒಮ್ಮೆ ನಾನು ಎರಡು ಮೀನುಗಳನ್ನು ಹಳೆಯ ಗಟ್ಟಿ ಪ್ಲಾಸ್ಟಿಕ್ಕಿನ ಟಿಫಿನ್ನಿನಲ್ಲಿಟ್ಟು ಮರೆತೆ. ತಿಂಗಳ ನಂತರ ನೋಡಿದರೆ ಟಿಫಿನ್ನಿನ ತಳ ಕರಗಿ ಮೀನಿಗೆ ಅಂಟಿತ್ತು. ಬೇರೆ ಬೇರೆ ಬಣ್ಣದವನ್ನು ಒಟ್ಟಿಗಿಟ್ಟರೆ ಒಂದರ ಬಣ್ಣ ಇನ್ನೊಂದಕ್ಕೆ ಇಳಿಯುತ್ತದೆ. ಬಾಲ ಸೊಟ್ಟಗಾದರೆ ಬಿಸಿನೀರಿನಲ್ಲಿ ಅದ್ದಿ ನೆಟ್ಟಗೆ ಮಾಡಿ ತಣ್ಣೀರಿಗೆ ಹಾಕಬೇಕು. ಹರಿದರೆ, ಚಾಕುವಿನ ಅಲಗನ್ನು ಗ್ಯಾಸಿನ ಉರಿಯಲ್ಲಿ ಕಾಯಿಸಿ ಎರಡೂ ಅಂಚುಗಳಿಗೆ ತಾಗಿಸಿ ಒತ್ತಿ ಹಿಡಿದರೆ ಕೂಡಿಕೊಳ್ಳುತ್ತದೆ. ಕೂಡಿದಲ್ಲಿ ಹುಣ್ಣು ಮಾಯ್ದ ಕಲೆಯಂಥ ಒಂದು ಗೆರೆ ಉಳಿಯುತ್ತದೆ. ಈ ಜಾತಿಯ ಆಮಿಷದ ಮೂಲಪುರುಷ ನಿಕ್ ಕ್ರೀಮ್ ಎಂಬಾತ 1949ರಲ್ಲಿ ಓಹಾಯೋದ ಆಕ್ರನ್ ಪಟ್ಟಣದ ತನ್ನ ಅಡುಗೆಮನೆಯ ಒಲೆಯ ಮೇಲೆಯೇ ಮೊದಲ ಪ್ಲಾಸ್ಟಿಕ್ ಹುಳುವನ್ನು ಕಾಯಿಸಿದನಂತೆ. ಅದರಲ್ಲಿ ಅವನ ಹೆಂಡತಿಯೂ ಕೈಜೋಡಿಸಿದ್ದಳು. ಇದನ್ನು ನಮ್ಮ ಮನೆಯಲ್ಲಿ ಹೇಳಿ ನೋಡಿದೆ. ಪ್ರಯೋಜನವಾಗಲಿಲ್ಲ. ಕಿಟಕಿ ತೆರೆಯುವ ಸದ್ದೇ ಉತ್ತರ.

ಗಾಳಕ್ಕೆ ಏರಿಸುವುದು ಸುಲಭವೆಂದು ತೋರುತ್ತದೆ, ಅಲ್ಲ. ಸೀಸದ ತಲೆಯುಳ್ಳ ಗಾಳವನ್ನು ಮೊದಲು ಮೀನಿನ ಪಕ್ಕಕ್ಕೆ ಹಿಡಿದು, ಕೊಕ್ಕೆಯ ಬಾಗು ಬೆನ್ನಿನಲ್ಲಿ ಎಲ್ಲಿ ಹೊರಬರಬೇಕೋ ಅಲ್ಲಿ ಉಗುರಿನಿಂದ ಗುರುತು ಮಾಡಬೇಕು. ಆಮೇಲೆ ಮೂತಿಯ ನಟ್ಟನಡುವೆ ಮೊನೆಯನ್ನು ಚುಚ್ಚಿ, ಮೈಯನ್ನು ಕಾಲುಚೀಲದಂತೆ ಸ್ವಲ್ಪ ಸ್ವಲ್ಪವೇ ಏರಿಸುತ್ತ, ಗುರುತಿದ್ದಲ್ಲಿ ಹೊರಗೆಳೆಯಬೇಕು. ಒಂದು ನೂಲಿನಷ್ಟು ಪಕ್ಕಕ್ಕೆ ಸರಿದರೂ ಮೈ ಬಾಗುತ್ತದೆ. ಬಾಗಿದ ಮೀನು ನೀರಿನಲ್ಲಿ ಈಜುವುದಿಲ್ಲ, ತಿರುಪಿನಂತೆ ಸುತ್ತುತ್ತದೆ, ದಾರವೆಲ್ಲ ಗೋಜಲು. ಕಾಂದಲದ ಬೇರಿನ ಕಡೆಗೆ ಎಸೆಯುವುದಾದರೆ ಮೊನೆಯನ್ನು ಪುನಃ ಬೆನ್ನಿನ ಚರ್ಮದ ಅಡಿಯಲ್ಲಿ ಹುದುಗಿಸಬೇಕು, ಬೇರಿಗೆ ಸಿಕ್ಕದಂತೆ, ಬಾಯಿಗೆ ಸಿಕ್ಕುವಂತೆ. ಮಸ್ಕಿಯ ಹಲ್ಲಿಗೆ ಹೆದರಿ ಅಲ್ಲಿಯವರು ದಾರದ ತುದಿಗೆ ಉಕ್ಕಿನ ತಂತಿ ಕಟ್ಟುತ್ತಾರೆ. ಜಿತಾಡಾದ ಹಲ್ಲು ಮರಳುಕಾಗದದಷ್ಟೇ ಒರಟು. ಆದರೆ ಕಿವಿರಿನ ಮುಚ್ಚಳದ ಅಂಚು ಕ್ಷೌರದ ಕತ್ತಿ. ಹಾಗಾಗಿ ತಂತಿಯ ಬದಲಿಗೆ ಎರಡಡಿ ದಪ್ಪ ನೈಲಾನು ಸಾಕು.

ಇನ್ನು ಕುಣಿಸುವುದು. ಎಸೆದು ಸುಮ್ಮನೆ ಸುತ್ತಿ ಎಳೆಯುವುದಲ್ಲ. ಸೀಸ ತಳ ಮುಟ್ಟುವವರೆಗೆ ಕಾಯಬೇಕು; ದಾರ ಸಡಿಲವಾದಾಗ ತಿಳಿಯುತ್ತದೆ. ಆಗ ಕೋಲಿನ ತುದಿಯನ್ನು ಎರಡು ಮೊಳ ಮೇಲಕ್ಕೆತ್ತಿ, ಮೀನು ಮತ್ತೆ ತಳಕ್ಕೆ ಬೀಳಲು ಬಿಡಬೇಕು. ಪೂರ್ತಿ ಸಡಿಲ ಬಿಟ್ಟರೆ ಕಚ್ಚಿದ್ದು ಕೈಗೆ ತಿಳಿಯದು. ಬಿಗಿ ಹಿಡಿದರೆ ಮೀನು ಬೀಳುವುದಿಲ್ಲ, ತೇಲುತ್ತದೆ. ಈ ಎರಡರ ನಡುವೆ ಒಂದು ಹದವಿದೆ. ಹತ್ತರಲ್ಲಿ ಎಂಟು ಕಚ್ಚುವಿಕೆ ಏರುವಾಗಲ್ಲ, ಬೀಳುವಾಗ; ಗಾಯಗೊಂಡದ್ದು ಎಂದುಕೊಂಡು ಜಿತಾಡಾ ಬಾಯಿ ತೆರೆದು ನೀರಿನೊಡನೆ ಒಳಗೆಳೆದುಕೊಳ್ಳುತ್ತದೆ. ಕೈಗೆ ಬರುವುದು ಒಂದೇ ಒಂದು ತಟ್ಟು, ಮುಚ್ಚಿದ ಬಾಗಿಲನ್ನು ಒಳಗಿನಿಂದ ಬೆರಳಲ್ಲಿ ಬಡಿದಂತೆ. ಸತ್ತ ಶೆಟ್ಲಿ ಮೀನಿಗೆ ಗೊತ್ತಾಗುತ್ತದೆ ಎನ್ನುತ್ತಿದ್ದ ತಂದೆಯವರು ಇದನ್ನು ನಂಬುತ್ತಿದ್ದರೋ ಇಲ್ಲವೋ. ಮಾಮಾ ಮೊದಮೊದಲು ನಕ್ಕರು. "ರಬ್ಬರಾಲಾ ಜೀವ ನಾಹಿ, ಸಾಹೇಬ." ರಬ್ಬರಿಗೆ ಜೀವವಿಲ್ಲ. ಹೌದು, ಅದಕ್ಕಾಗಿಯೇ ಮುಂಗೈ ನೋಯುವವರೆಗೆ ಕುಣಿಸಬೇಕಾಗುತ್ತದೆ.

ಸಮಯವನ್ನು ಕಲಿಸಿದವರು ಅವರೇ. ಅಮಾವಾಸ್ಯೆ ಹುಣ್ಣಿಮೆಗಳ ಉಧಾಣದಲ್ಲಿ ಖಾಡಿಯ ನೀರು ನಾಲ್ಕು ಮೀಟರಿಗೂ ಹೆಚ್ಚು ಏರಿಳಿಯುತ್ತದೆ, ಕೆಸರೆಲ್ಲ ಎದ್ದು ನೀರು ಗಂಜಿಯಾಗುತ್ತದೆ. ಅಷ್ಟಮಿಯ ಆಸುಪಾಸಿನ ಭಾಂಗದಲ್ಲಿ ಓಟ ತಗ್ಗಿ ಸ್ವಲ್ಪ ತಿಳಿಯಾಗುತ್ತದೆ. ರಬ್ಬರಿನ ಮೀನು ಕಣ್ಣಿಗೆ ಕಾಣಬೇಕಾದರೆ ಭಾಂಗವೇ ಸರಿ. ಸೇತುವೆಯ ಉತ್ತರಕ್ಕೆ, ಐರೋಲಿಯವರೆಗಿನ ಪಶ್ಚಿಮ ದಂಡೆ 2015ರಿಂದ ಫ್ಲೆಮಿಂಗೊಗಳ ಅಭಯಾರಣ್ಯ; ಅತ್ತ ನಾವು ಹೋಗುವುದಿಲ್ಲ. ಜೂನ್, ಜುಲೈಗಳಲ್ಲಿ ಯಂತ್ರದೋಣಿಗಳಿಗೆ ಸರಕಾರದ ನಿಷೇಧವಿರುತ್ತದೆ. ಕೋಲು ಹಿಡಿದ ನನ್ನಂಥವನಿಗೆ ಅದು ಅನ್ವಯಿಸದಿದ್ದರೂ ಮಾಮಾ ನನ್ನನ್ನೂ ಕೂರಿಸಿಬಿಡುತ್ತಾರೆ. ಕೆಲವು ತಿಥಿಗಳಲ್ಲಿ ಮೀನನ್ನು ಕೊಲ್ಲಬಾರದು, ಮಾರಲೂಬಾರದು ಎಂದು ಅಶೋಕ ಒಂದು ಸ್ತಂಭದ ಮೇಲೆ ಕೊರೆಸಿದ್ದನ್ನು ಅವರಿಗೆ ಹೇಳಿದೆ. ಅವರಿಗೆ ವಿಶೇಷವೆನಿಸಲಿಲ್ಲ.

ಹೀಗೆ ಎರಡು ವರ್ಷ. ಎಂಟು ಮಸ್ಕಿ ಮೀನುಗಳಿಂದ ಕತ್ತರಿಸಿ, ಕೂಡಿಸಿ, ಇಪ್ಪತ್ತರಷ್ಟು ಸಣ್ಣವನ್ನು ಮಾಡಿಕೊಂಡೆ. ಸಿಕ್ಕಿದ ಜಿತಾಡಾ ಐದು. ಕಳೆದ ರಬ್ಬರಿನ ಲೆಕ್ಕ ಇಟ್ಟಿರಲಿಲ್ಲ. ಬೇರಿಗೆ ಸಿಕ್ಕಿ ದಾರ ಹರಿದರೆ ಇನ್ನೊಂದು ಕಟ್ಟುವುದು, ಮೀನು ಕಚ್ಚಿ ಬಾಲವನ್ನಷ್ಟೇ ಕಿತ್ತುಕೊಂಡು ಹೋದರೆ "ತಿನ್ನು" ಎಂದು ಹೇಳಿ ಮೂತಿಯನ್ನೂ ನೀರಿಗೆ ಎಸೆಯುವುದು. ಬ್ಯಾಂಕಿನಲ್ಲಿ ಮೂವತ್ತಾರು ವರ್ಷ ಲೆಕ್ಕ ಬರೆದವನು ಇದೊಂದನ್ನು ಬರೆಯಲಿಲ್ಲ.

ಹೋದ ನವೆಂಬರಿನ ಒಂದು ಸಂಜೆ, ನೀರು ಇಳಿಯುತ್ತಿದ್ದ ಹೊತ್ತಿನಲ್ಲಿ, ಮೂರು ಕಿಲೋದ ಒಂದು ಜಿತಾಡಾ ಸಿಕ್ಕಿತು. ಉದ್ದಕ್ಕೆ ತಕ್ಕ ತೂಕವಿರಲಿಲ್ಲ. ತಲೆ ದೊಡ್ಡದಾಗಿ, ಬೆನ್ನು ಬತ್ತಿದಂತೆ ಕಾಣುತ್ತಿತ್ತು. ಗಾಂವಿನ ಅಂಗಳದಲ್ಲಿ ಮಾಮಾನ ಹೆಂಡತಿ ಅದನ್ನು ಸೀಳಿದರು. ಜಠರವನ್ನು ಒತ್ತಿ ನೋಡುವುದು ಅವರ ವಾಡಿಕೆ, ಏನು ತಿಂದಿದೆ ಎಂದು ತಿಳಿದರೆ ಎಲ್ಲಿ ಬಲೆ ಬಿಡಬೇಕೆಂದು ತಿಳಿಯುತ್ತದೆ. ಒತ್ತಿದರು. ಒಂದು ಸಿಗಡಿಯ ಚಿಪ್ಪು, ಆಮೇಲೆ ನನ್ನ ಬೆರಳಿನಷ್ಟು ಉದ್ದದ ಒಂದು ವಸ್ತು. ಅವರು ಅದನ್ನು ನೀರಿನಲ್ಲಿ ತೊಳೆದು ನನ್ನ ಅಂಗೈಯಲ್ಲಿ ಇಟ್ಟರು.

ಬಾಲ ಬಿಳಿ, ಮೈ ಹಳದಿ. ನಡುವೆ ಒಂದು ಗೆರೆ. ಬಿಸಿ ಅಲಗಿನಿಂದ ನಾನೇ ಕೂಡಿಸಿದ ಗೆರೆ; ಬಣ್ಣ ಸಾಲದೆ ಎರಡು ಬೇರೆ ಮೀನುಗಳ ತುಂಡುಗಳನ್ನು ಸೇರಿಸಿದ್ದು ನೆನಪಿತ್ತು. ಅಂಗಡಿಯಲ್ಲಿ ಅಂಥದ್ದು ಸಿಕ್ಕುವುದಿಲ್ಲ, ಬೇರೆ ಯಾರೋ ಎಸೆದದ್ದೆಂದು ಹೇಳಲು ದಾರಿಯೇ ಇರಲಿಲ್ಲ. ಮೆತ್ತಗಿದ್ದದ್ದು ಉಬ್ಬಿ, ಬಿಗಿದು, ಹಳೆಯ ಅಳಿಸುವ ರಬ್ಬರಿನಂತೆ ಗಟ್ಟಿಯಾಗಿತ್ತು. ಮಾಮಾ ಏನೂ ಹೇಳಲಿಲ್ಲ. ಬೀಡಿ ಹಚ್ಚಿ ಬಲೆಯ ಕಡೆಗೆ ಹೋದರು. ಅವರು ಎರಡು ಮಾತು ಬೈದಿದ್ದರೆ ನನಗೆ ಹಗುರವಾಗುತ್ತಿತ್ತು. ಸೇತುವೆಗಳು ಬಂದುದನ್ನೂ ಕಾರಖಾನೆಗಳ ನೀರು ಖಾಡಿಗೆ ಇಳಿದುದನ್ನೂ ಅವರ ಬಾಯಿಂದ ಕೇಳಿ, ತಲೆದೂಗಿ, ಊರಿನ ಮೇಲೆ ಸಿಟ್ಟಾಗಿದ್ದವನು ನಾನು. ಕಾಂದಲದ ಚೀಲಗಳನ್ನು ರೈಲಿನ ಕಿಟಕಿಯಿಂದ ನೋಡಿ ಮೂಗು ಮುರಿದವನೂ ನಾನೇ.

ಮಗನಿಗೆ ಫೋನಿನಲ್ಲಿ ಹೇಳಿದೆ. ಆತ ತುಸು ಹೊತ್ತು ಸುಮ್ಮನಿದ್ದು, ಅಲ್ಲಿಯೂ ಈ ಚರ್ಚೆಯಿದೆ ಎಂದ. 2013ರಲ್ಲಿ ಮೇನ್ ರಾಜ್ಯದ ಶಾಸನಸಭೆಯಲ್ಲಿ ಈ ಮೆತ್ತನೆಯ ಆಮಿಷಗಳನ್ನು ನಿಷೇಧಿಸಬೇಕೆಂಬ ಮಸೂದೆಯೇ ಬಂದಿತ್ತು. ಗಾಳ ಹಾಕುವವರ ವಿರೋಧದಿಂದ ಅದು ಕಡೆಗೆ ಅಧ್ಯಯನಕ್ಕೆ ಇಳಿಯಿತು. "ಹಾಗಾದರೆ ಬಿಟ್ಟುಬಿಡುತ್ತೀರಾ?" ಎಂದು ಕೇಳಿದ. ಬಿಟ್ಟೆ ಎಂದು ಬರೆದರೆ ಓದುಗರಿಗೆ ಸಂತೋಷವಾದೀತು. ಬಿಡಲಿಲ್ಲ. ಆ ಒಂದು ತಟ್ಟಿಗಾಗಿ ಬೆಳಗಿನ ನಾಲ್ಕಕ್ಕೆ ಏಳುವ ಚಟ ನನಗೆ ಎಪ್ಪತ್ತರ ಹತ್ತಿರದಲ್ಲಿ ಹಿಡಿದದ್ದು, ಬೇಗ ಹೋಗುವಂಥದ್ದಲ್ಲ.

ಆದರೆ ಕೆಲವನ್ನು ಬದಲಿಸಿದ್ದೇನೆ. ಬೇರಿನ ಕಡೆಗೆ ಈಗ ರಬ್ಬರನ್ನು ಎಸೆಯುವುದಿಲ್ಲ. ಅಲ್ಲಿಗೆ, ಸೀಸದ ತಲೆಗೆ ಹುಂಜದ ಗರಿಯನ್ನೂ ಹತ್ತಿಯ ದಾರವನ್ನೂ ಸುತ್ತಿ ಮಾಡಿದ ಜಿಗ್ಗು. ಗರಿ ಕೊಡುವ ಕೋಳಿ ಅಂಗಡಿಯವನು ನನ್ನನ್ನು ಮಾಟಗಾರನೆಂದು ತಿಳಿದಿರಬೇಕು. ಕುಣಿಸಲು ಅದು ರಬ್ಬರಿನಷ್ಟು ಚೆನ್ನಲ್ಲ. ಬೀಳುವಾಗ ಬಾಲ ಬಳುಕುವುದಿಲ್ಲ, ಗರಿ ಬಿಚ್ಚಿ ಮುಚ್ಚುತ್ತದೆ, ಅಷ್ಟೆ. ತೆರೆದ ನೀರಿನಲ್ಲಿ ಮಾತ್ರ ರಬ್ಬರು, ಮೂತಿಗೆ ಒಂದು ಹನಿ ಫೆವಿಕ್ವಿಕ್, ಮೊದಲಿಗಿಂತ ದಪ್ಪ ದಾರ. ಹರಿದ ಮೂತಿ, ಕಿತ್ತ ಬಾಲ ಎಲ್ಲ ಮನೆಗೆ. ಒಂದು ಉದ್ದ ಪುಸ್ತಕ ಕೊಂಡು ಗೆರೆ ಎಳೆದು ಮೂರು ಕಲಮು ಮಾಡಿದ್ದೇನೆ: ಒಯ್ದದ್ದು, ತಂದದ್ದು, ಮೀನು. ಮೊದಲ ಪುಟದ ಮೇಲ್ಗಡೆ, ನೆನಪಿಗೆ ಬಂದಷ್ಟು ಸೇರಿಸಿ, ಹಿಂದಿನ ಬಾಕಿ 14 ಎಂದು ಬರೆದಿದ್ದೇನೆ. ಅದರಲ್ಲಿ ಒಂದು ವಾಪಸು ಬಂದಿದೆ. ಉಳಿದ 13 ಖಾಡಿಯಲ್ಲಿವೆ.

ಮಗನ ಪಾರ್ಸೆಲು ಈ ದೀಪಾವಳಿಗೆ ಮತ್ತೆ ಬಂತು. ಈ ಬಾರಿ ಡಬ್ಬಿಯಲ್ಲಿ ಜಿಂಕೆಯ ಬಾಲದ ಕೂದಲು ಕಟ್ಟಿದ ಆರು ಗಾಳಗಳಿದ್ದವು, ಬಡೇಸೋಪಿನ ವಾಸನೆಯಿರಲಿಲ್ಲ. ನಿನ್ನೆ ಅಷ್ಟಮಿ. ಮಾಮಾ ಬಂದು, ಒಂದನ್ನು ಕೈಗೆತ್ತಿಕೊಂಡು, ಕೂದಲನ್ನು ಊದಿ ನೋಡಿ ಜೇಬಿಗೆ ಹಾಕಿಕೊಂಡರು. ಅದನ್ನು ಯಾವ ಕಲಮಿನಲ್ಲಿ ಬರೆಯಬೇಕೋ ತಿಳಿಯದೆ ಪುಸ್ತಕ ತೆರೆದಿಟ್ಟಿದ್ದೇನೆ.