ಮರವೇ ಸಾಕ್ಷಿ

ಹವಾಮಾನದ ಬದಲಾವಣೆಯನ್ನು ಕುರಿತು ಚಿತ್ರ ಬರೆಯೆಂದರೆ ನಮ್ಮ ಮಕ್ಕಳ ಕಾಗದದ ಮೇಲೆ ಕರಗುವ ಮಂಜುಗಡ್ಡೆಯೂ ಅದರ ಮೇಲೊಂದು ಹಿಮಕರಡಿಯೂ ಮೂಡುತ್ತವೆ. ಅಷ್ಟು ದೂರ ಹೋಗಬೇಕೆ? ಪಿರಿಯಾಪಟ್ಟಣದಾಚೆಯ ಬೈಲಕುಪ್ಪೆಯವರೆಗೆ ಹೋದರೆ ಸಾಕು.

ಟಿಬೆಟನ್ನರಿಗೆ ಬಹು ಪ್ರಿಯವಾದ ಚಿತ್ರವೊಂದುಂಟು. ಆನೆಯ ಮೇಲೆ ಕೋತಿ, ಕೋತಿಯ ಮೇಲೆ ಮೊಲ, ಮೊಲದ ಮೇಲೆ ಹಕ್ಕಿ. ಪಕ್ಕದಲ್ಲಿ ಹಣ್ಣು ತುಂಬಿದ ಮರ. ಬೌದ್ಧ ಜಾತಕದ ಕಥೆಯಿದು. ನಾಲ್ವರಲ್ಲಿ ಹಿರಿಯರಾರೆಂಬ ಪ್ರಶ್ನೆಗೆ ಮರವೇ ಸಾಕ್ಷಿ. ಆನೆ ಬಂದಾಗ ಮರ ಆಗಲೇ ಬೆಳೆದಿತ್ತು; ಕೋತಿ ಕಂಡಾಗ ಗಿಡ್ಡಗಿತ್ತು; ಮೊಲ ಅದರ ಎಳೆಯೆಲೆಯ ಇಬ್ಬನಿಯನ್ನು ನೆಕ್ಕಿತ್ತು; ಬೀಜವನ್ನು ಉದುರಿಸಿದ್ದು ಹಕ್ಕಿ. ಎಲ್ಲರಿಗಿಂತ ಕಿರಿದೇ ಹಿರಿದಾಯಿತು!

1961ರ ಸುಮಾರಿಗೆ ಹಿಮದ ನಾಡಿನ ನಿರಾಶ್ರಿತರು ಇಲ್ಲಿ ಕಾಡು ಕಡಿದು ಹೊಲ ಮಾಡಿದರು. ಚಿತ್ರದ ಆನೆ ನಿಜವಾಗಿಯೇ ಬಂದು ಪೈರು ತುಳಿಯಿತು. ಗೆಳೆತನ ಚಿತ್ರದಲ್ಲಿ ಸುಲಭ, ಹೊಲದಲ್ಲಿ ಕಷ್ಟ.

ಇಲ್ಲಿಯೇ ಹುಟ್ಟಿದ ಮಗು ಹಿಮವನ್ನು ಕಾಣದೆಯೇ ಬೆಳೆದೀತು. ಆದರೆ ಅದರ ಹಿರಿಯರ ಬೆಟ್ಟಗಳಲ್ಲಿ ಹಿಮ ಕರಗುತ್ತಿದೆ. ಜಗತ್ತಿನ ತಾಪದ ಏರಿಕೆ 1.5 ಡಿಗ್ರಿಗೆ ನಿಂತರೂ, ಈ ಶತಮಾನದ ಕೊನೆಗೆ ಹಿಂದೂಕುಶ್ ಹಿಮಾಲಯದ ಹಿಮನದಿಗಳಲ್ಲಿ ಮೂರನೆಯ ಒಂದು ಪಾಲು ಅಳಿದೀತೆಂದು 2019ರ ವರದಿಯೊಂದು ಹೇಳಿತು. ಕಾಡಿನ ಅಂಚು ಬೆಟ್ಟವನ್ನೇರಿದಷ್ಟೂ ಹಿಮಚಿರತೆಯ ನೆಲೆ ಕಿರಿದಾಗುತ್ತದೆ. ಇತ್ತ ನಾಗರಹೊಳೆಯ ಕೆರೆ ಬತ್ತಿದರೆ ಆನೆ ನೀರನ್ನರಸಿ ಊರಿನತ್ತ ಬರಬೇಕಾಗುತ್ತದೆ.

ಮಕ್ಕಳು ಈ ನಾಲ್ವರನ್ನೇ ಬರೆಯಲಿ. ಬರೆದಾದ ಮೇಲೆ ಮರವನ್ನೊಮ್ಮೆ ಬೆರಳಿನಿಂದ ಮರೆಮಾಡಿ ನೋಡಲಿ. ಗೆಳೆಯರೇನೋ ನಿಂತೇ ಇರುತ್ತಾರೆ. ತಿನ್ನಲು ಹಣ್ಣಿಲ್ಲ, ನಿಲ್ಲಲು ನೆರಳಿಲ್ಲ.