ಒಂದು ವಾಟಗಾ ನೀರು

ಹೋದ ತಿಂಗಳ ಹಿರೇಮಗಳು ಫೋನ್ ಮಾಡಿ, "ಅವ್ವಾ, ಬರೋ ರವಿವಾರ ನಾ ದೀಕ್ಷಾಸ್ನಾನ ತಗೊಳ್ಳಾಕತ್ತೀನಿ. ನೀ ಬರಬೇಕು" ಅಂದ್ಳು. ನಾ ಕುಕ್ಕರಿನ ಸೀಟಿ ಎಣಿಸಿಕೋತ ನಿಂತಿದ್ದೆ, ಎಣಿಕಿ ತಪ್ಪಿತು. "ನಿನಗ ಆಗೈತಲ್ಲವಾ" ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಅದು ಲೆಕ್ಕಕ್ಕ ಬರೂದಿಲ್ಲಂತ ಅವ್ವಾ. ಕೂಸಿದ್ದಾಗ ಮಾಡಿದ್ದು, ನನಗ ತಿಳಿದು ಆಗಿದ್ದಲ್ಲ" ಅಂದ್ಳು.

ಅಳಿಯನ ಮನಿಯವರು ನಮ್ಮ ಸಿ.ಎಸ್.ಐ. ಸಭೆಯವರಲ್ಲ. ಅವರ ಕೂಟದಾಗ ದೊಡ್ಡವರಾಗಿ, ಬಾಯಿಬಿಟ್ಟು ನಂಬಿಕಿ ಹೇಳಿ, ನೀರಾಗ ಪೂರಾ ಮುಳುಗಿ ಏಳಬೇಕು. ಮದುವಿ ಹೊತ್ತಿನ್ಯಾಗ ಆ ಮಾತು ಬಂದಿದ್ದಿಲ್ಲ. ಈಗ ಬಂತು. 'ಲೆಕ್ಕಕ್ಕ ಬರೂದಿಲ್ಲ' ಅನ್ನೂ ಮಾತು ಮೂರು ದಿನ ನನ್ನ ಹೊಟ್ಟ್ಯಾಗ ಕುಂತಿತ್ತು. ಯಾಕಂತ ನಿಮಗ ಹೇಳಬೇಕಂದ್ರ 1993ರ ಮಳಿಗಾಲಕ್ಕ ಹೋಗಬೇಕು.

ಏಳು ತಿಂಗಳಿಗೇ ನೋವು ಬಂತು. ಕೂಸು ಒಂದು ಕಿಲೋ ಮುನ್ನೂರು ಗ್ರಾಂ. ಗಾಜಿನ ಪೆಟಗ್ಯಾಗ ಇಟ್ಟಿದ್ರು. ರಾತ್ರಿ ಡಾಕ್ಟರ್ ಬಂದು ನಮ್ಮ ಮನಿಯವರನ್ನ ಹೊರಗ ಕರದು ಏನೋ ಹೇಳಿದ್ರು. ಒಳಗ ಬಂದ ಅವರ ಮಾರಿ ನೋಡಿ ನಾ ಏನೂ ಕೇಳಲಿಲ್ಲ. ನಮ್ಮತ್ತಿ "ಅಯ್ಯನೋರನ್ನ ಕರಕೊಂಡು ಬರ್ರಿ, ಕೂಸಿಗೆ ದೀಕ್ಷಾಸ್ನಾನ ಆಗಲಿ" ಅಂತ ಅಳಾಕತ್ರು. ಅಯ್ಯನೋರು ಊರಾಗಿಲ್ಲ. ಹೊರಗ ಮಳಿ. ಆಗ ರಾತ್ರಿ ಪಾಳಿ ನರ್ಸ್, ಮಂಗಳೂರ ಕಡಿಯಾಕಿ, ಕ್ಯಾಥೊಲಿಕ್ ಹುಡುಗಿ, ಮೆಲ್ಲಕ ಬಂದು "ನಾನು ಕೊಡ್ಬಹುದಾ ಅಮ್ಮ?" ಅಂತ ಕೇಳಿದ್ಳು. ನನ್ನ ಮಂಚದ ಬಾಜೂಕ ಸ್ಟೀಲಿನ ವಾಟಗಾದಾಗ ಕಾಯಿಸಿ ಆರಿಸಿದ ನೀರಿತ್ತು. "ಹೆಸರೇನು?" ಅಂದ್ಳು. ಇನ್ನೂ ಇಟ್ಟಿದ್ದಿಲ್ಲ. ಬಾಯಿಗೆ ಬಂದದ್ದು ನಮ್ಮವ್ವನ ಹೆಸರು. ಅದನ್ನ ಹೇಳಿದೆ. ತಂದೆ, ಮಗ, ಪವಿತ್ರಾತ್ಮ ಅಂತ ಒಂದೊಂದು ಹೆಸರಿಗೆ ಒಂದೊಂದು ಚಮಚ ನೀರು ತಲಿ ಮ್ಯಾಲ ಹಾಕಿ, ಹತ್ತಿಯಿಂದ ಒರಸಿದ್ಳು. ಎರಡು ನಿಮಿಷದ ಕೆಲಸ. ಕೂಸು ಅಳಲಿಲ್ಲ, ಅಳೂವಷ್ಟು ಶಕ್ತಿ ಇದ್ದಿದ್ದಿಲ್ಲ.

ಜೀವಕ್ಕ ಅಪಾಯ ಇದ್ದಾಗ ಅಯ್ಯನೋರೇ ಬರಬೇಕಂತಿಲ್ಲ. ಕ್ಯಾಥೊಲಿಕರೊಳಗಂತೂ ಅಂಥಾ ಹೊತ್ತಿನ್ಯಾಗ ಯಾರು ಬೇಕಾದ್ರೂ, ಕ್ರೈಸ್ತರಲ್ಲದವರು ಸುದ್ದಾ, ಸಭೆ ಮಾಡೂದನ್ನ ನಾನೂ ಮಾಡತೀನಿ ಅನ್ನೂ ಮನಸಿನಿಂದ ನೀರು ಹಾಕಿ ಆ ಮೂರು ಹೆಸರು ಹೇಳಿದ್ರ ನಡೀತೈತಿ. ಇದು ನನಗ ಆಮ್ಯಾಲ ತಿಳೀತು.

ಕೂಸು ಉಳೀತು. ಮೂರು ತಿಂಗಳಾದ ಮ್ಯಾಲ ಕುಂಚಿಗಿ ಹಾಕಿ ದೇವಾಲಯಕ್ಕ ಕರಕೊಂಡು ಹೋದ್ವಿ. ನಮ್ಮತ್ತಿಗೆ ಮತ್ತೊಮ್ಮೆ ಸರಿಯಾಗಿ, ಎಲ್ಲಾರ ಮುಂದ, ಬಿಳೀ ಫ್ರಾಕು, ಫೋಟೋ, ಕೇಕು, ಎಲ್ಲಾ ಆಗಬೇಕಂತ ಆಸೆ. ಅಯ್ಯನೋರು ಪ್ರಾರ್ಥನಿ ಮಾಡಿದ್ರು, ಸಭೆಯೊಳಗ ಕೂಸನ್ನ ಸೇರಿಸಿಕೊಂಡ್ರು, ರಜಿಸ್ಟರಿನ್ಯಾಗ ಬರಕೊಂಡ್ರು. ನೀರು ಮಾತ್ರ ಮುಟ್ಟಲಿಲ್ಲ. "ಆಗಿದ್ದು ಆಗೈತ್ರಿ ಅಮ್ಮಾರ. ಹುಟ್ಟಿದಾಕಿನ್ನ ಮತ್ತ ಹುಟ್ಟಸ್ತಾರೇನ್ರಿ?" ಅಂದ್ರು. ಕೇಕು ತಿಂದು ಬಂದ್ವಿ.

ಆ ಮೂರು ಚಮಚದ ನೀರು ಲೆಕ್ಕಕ್ಕ ಬರೂದಿಲ್ಲಂದ್ರ ನನಗ ಹೆಂಗಾಗಿರಬೇಡ!

ಬಾಜೂಮನಿ ಅಕ್ಕಾರ ಮುಂದ ಇದನ್ನ ತೋಡಿಕೊಂಡೆ. ಅವರು ಲಿಂಗವಂತರು. "ದೀಕ್ಷಾಸ್ನಾನ ಅಂದ್ರ ನಮ್ಮಲ್ಲಿ ತೊಟ್ಟಲಕ್ಕ ಹಾಕಿ ಹೆಸರಿಡತಾರಲ್ಲ, ಹಂಗೇನು?" ಅಂತ ಕೇಳಿದ್ರು. ಭಾಳ ಮಂದಿ ಹಂಗ ತಿಳಕೊಂಡಾರ. ಹೆಸರು ಆ ಹೊತ್ತಿಗೆ ಕೂಗತಾರ ಖರೆ, ಆದ್ರ ಅದು ಹೆಸರಿಡೂ ಶಾಸ್ತ್ರ ಅಲ್ಲ. ಈ ಜೀವ ಇನ್ನ ಮ್ಯಾಲ ಕ್ರಿಸ್ತಂದು, ಈ ಸಭೆ ಇದರ ಮನಿ ಅಂತ ಗುರುತು ಹಾಕೂದು. "ಹಂಗಾರ ನಮ್ಮ ಲಿಂಗಧಾರಣಿ ಇದ್ದಂಗ. ಕೂಸಿಗೂ ಕಟ್ಟತೀವಿ, ದೊಡ್ಡವರಾದ ಮ್ಯಾಲ ದೀಕ್ಷಾನೂ ಕೊಡತಾರ" ಅಂದ್ರು. ಪೂರಾ ಒಂದೇ ಅಲ್ಲ, ಆದ್ರ ನನ್ನ ಸಂಕಟ ಅವರಿಗೆ ಥಟ್ಟನ ತಿಳೀತು. ನಮ್ಮಲ್ಲೂ ಕೂಸಿದ್ದಾಗ ನೀರು, ಹುಡುಗರು ಬುದ್ಧಿಗೆ ಬಂದ ಮ್ಯಾಲ ದೃಢೀಕರಣ. ತಂದಿ-ತಾಯಿ ಅಂದು ಕೊಟ್ಟ ಮಾತನ್ನ ಮಕ್ಕಳು ತಮ್ಮ ಬಾಯಿಂದ ಹೇಳೂದು.

ಸಿಟ್ಟು ಇಳಿದ ಮ್ಯಾಲ ಬೈಬಲ್ ತಗದು ಕುಂತೆ. ಬೀಗರ ಕಡಿ ಮಾತಿನ್ಯಾಗೂ ಹುರುಳೈತಿ, ಸುಳ್ಳು ಹೇಳಬಾರದು. ಸ್ನಾನಿಕ ಯೋಹಾನ ಯೊರ್ದನ್ ಹೊಳ್ಯಾಗ ಪಾಪ ಒಪ್ಪಿಕೊಂಡ ದೊಡ್ಡವರಿಗೇ ದೀಕ್ಷಾಸ್ನಾನ ಮಾಡಿಸ್ತಿದ್ದ. ಯೇಸುವೂ ದೊಡ್ಡಾವಾದ ಮ್ಯಾಲ ಅದೇ ಹೊಳಿಗೆ ಇಳಿದ. ಪೌಲ ರೋಮದವರಿಗೆ ಬರೆದ ಪತ್ರಿಕ್ಯಾಗ ಈ ನೀರನ್ನ ಸಮಾಧಿಗೆ ಹೋಲಿಸ್ತಾನ. ಕ್ರಿಸ್ತನ ಜೋಡಿ ಸತ್ತು ಹೂಳಿಸಿಕೊಂಡು, ಹೊಸಾ ಜೀವಕ್ಕ ಏಳೂದು ಅಂತ. ಮುಳುಗಿ ಎದ್ದಾಗ ಅದು ಕಣ್ಣಿಗೇ ಕಾಣತೈತಿ. ಚಮಚದ ನೀರಾಗ ಕಾಣೂದಿಲ್ಲ. ಕೂಸುಗಳಿಗೆ ಕೊಟ್ರು ಅಂತ ಅಪೊಸ್ತಲರ ಕೃತ್ಯಗಳೊಳಗ ಬಿಚ್ಚಿ ಬರದಿಲ್ಲ. ಫಿಲಿಪ್ಪಿ ಊರಾಗ ಲುದ್ಯಳೂ ಆಕಿ ಮನಿ ಮಂದಿಯೂ, ಸೆರಿಮನಿ ಯಜಮಾನನೂ ಅವನ ಮನಿ ಮಂದಿಯೂ ತಗೊಂಡ್ರು ಅಂತ ಐತಿ. ಆ ಮನ್ಯಾಗ ತೊಟ್ಟಲ ಇತ್ತೋ ಇಲ್ಲೋ ಅಂತ ಇವತ್ತಿಗೂ ವಾದ ಮಾಡತಾರ. ತೊಟ್ಟಲ ಇಲ್ಲದ ಮನಿ ನಾ ಅಂತೂ ಕಡಿಮಿ ನೋಡೀನಿ.

ಇನ್ನ ನೀರು ಎಷ್ಟಿರಬೇಕು ಅನ್ನೂ ಜಗಳಕ್ಕ ಮೊದಲಿನವರೇ ಉತ್ತರ ಕೊಟ್ಟಾರ. 'ದಿದಖೆ' ಅಂತ ಒಂದು ಸಣ್ಣ ಹೊತ್ತಿಗಿ ಐತಿ, ಹೆಚ್ಚೂಕಡಿಮಿ ಹೊಸ ಒಡಂಬಡಿಕಿಯಷ್ಟೇ ಹಳೇದು. ಅದರಾಗ ಹೇಳೂದು ನಮ್ಮ ಹಿರ್ಯಾರು ಹೇಳಿದಂಗ ಐತಿ: ಹರಿಯೂ ನೀರಾದ್ರ ಛಲೋ, ಇಲ್ಲಂದ್ರ ಬ್ಯಾರೆ ನೀರು. ತಣ್ಣೀರು ಆಗದಿದ್ರ ಬಿಸಿನೀರು. ಎರಡೂ ಅಷ್ಟು ಇಲ್ಲಂದ್ರ ತಲಿ ಮ್ಯಾಲ ಮೂರು ಸಲ ಹೊಯ್ಯಿರಿ. ಇದನ್ನ ನಮ್ಮ ಈಗಿನ ಅಯ್ಯನೋರು ಪುಸ್ತಕ ತಗದು ತೋರಿಸಿದಾಗ ನನಗ ವಾಟಗಾ ಕಣ್ಣಮುಂದ ಬಂತು.

ಅವರೇ ಇನ್ನೊಂದು ಸಂಗತಿ ಹೇಳಿದ್ರು, ಅದು ನನ್ನ ಜಂಬ ಇಳಿಸ್ತು. 1525ರಾಗ ಸ್ವಿಟ್ಜರ್ಲೆಂಡಿನ ಜೂರಿಕ್ ಊರಾಗ ಕೆಲವರು, ಕೂಸಿದ್ದಾಗ ಆಗಿದ್ದು ಸಾಲದು ಅಂತ ದೊಡ್ಡವರಾದ ಮ್ಯಾಲ ಮತ್ತ ದೀಕ್ಷಾಸ್ನಾನ ತಗೊಂಡ್ರು. ಅವರೊಳಗಿನ ಫೆಲಿಕ್ಸ್ ಮಾಂಜ್ ಅನ್ನಾಂವನ್ನ 1527ರ ಜನವರಿ ಚಳಿಯೊಳಗ ಲಿಮ್ಮಾಟ್ ಹೊಳ್ಯಾಗ ಮುಳುಗಿಸಿ ಕೊಂದ್ರು. ಕೊಲ್ಲಿಸಿದ್ದು ಯಾರೋ ಪರಧರ್ಮದವರಲ್ಲ, ನಮ್ಮಂಗ ಕೂಸಿಗೆ ನೀರು ಹಾಕೂ ಕ್ರೈಸ್ತರು. 1834ರಾಗ ಮಂಗಳೂರಿಗೆ, 1837ರಾಗ ಧಾರವಾಡಕ್ಕ ಬಂದ ನಮ್ಮ ಬಾಸೆಲ್ ಮಿಶನ್ನಿನ ಊರೂ ಅದೇ ದೇಶದಾಗ ಐತಿ. "ಅವರು ಜೀವ ಕೊಟ್ಟು ಹೇಳಿದ ಮಾತಮ್ಮಾ, ನಗಬಾರದು" ಅಂದ್ರು ಅಯ್ಯನೋರು. "ಆದ್ರ ನಮ್ಮ ಸಭೆ ಎರಡನೇ ಸಲ ಕೊಡೂದಿಲ್ಲ, ಅದೂ ಸುಮ್ಮನ ಅಲ್ಲ" ಅಂತನೂ ಅಂದ್ರು. ಮನಷ್ಯಾ ಮಾತು ಮರೀತಾನ, ತಿರುಗಿ ಕೊಡಬಹುದು. ದೇವರು ಕೊಟ್ಟಿದ್ದನ್ನ ಮತ್ತ ಕೊಡು ಅಂದ್ರ ಮೊದಲು ಕೊಟ್ಟೇ ಇಲ್ಲ ಅಂದಂಗ.

ಶನಿವಾರ ಮಗಳ ಮನಿಗೆ ಹೋದೆ. ರಾತ್ರಿ ಅಡಗಿಮನ್ಯಾಗ ಇಬ್ಬರೇ ಕುಂತು ಇದನ್ನೆಲ್ಲಾ ಹೇಳಿದೆ. "ನಂಗ ನೆನಪೇ ಇಲ್ಲಲ್ಲವಾ" ಅಂದ್ಳು. "ನಾ ಕುಡಿಸಿದ ಹಾಲು ನೆನಪೈತೇನು?" ಅಂದೆ. ನಕ್ಕಳು. "ದೃಢೀಕರಣದಾಗ ನೀನೇ ಎಲ್ಲಾರ ಮುಂದ ಒಪ್ಪಿಕೊಂಡಿಯಲ್ಲ?" "ಅವ್ವಾ, ಖರೆ ಹೇಳಲಾ? ಆವತ್ತು ನನ್ನ ಧ್ಯಾನೆಲ್ಲಾ ಹೊಸಾ ಚೂಡಿದಾರದ ಮ್ಯಾಲಿತ್ತು." ಅದೂ ಖರೆ, ನಾನೇ ಹೊಲಿಸಿ ಕೊಟ್ಟಿದ್ದು.

ಆಮ್ಯಾಲ ಅಕಿ ಅಂದ್ಳು, "ಪಪ್ಪಾ ಹೋದ ಮ್ಯಾಲ ಎರಡು ವರ್ಷ ನನಗ ಪ್ರಾರ್ಥನಿ ಮಾಡಾಕ ಆಗಿಲ್ಲ. ಬಾಯಿ ತಗದ್ರ ಏನೂ ಬರತಿದ್ದಿಲ್ಲ. ಈ ಕೂಟದಾಗ ಮೊದಲ ಸಲ ಬಂತು. ಅದಕ್ಕ ನಾ 'ಹೌದು' ಅನ್ನಬೇಕಾಗೇತಿ ಅವ್ವಾ, ನನ್ನ ಬಾಯಿಂದ." ಇದು ನನಗ ಗೊತ್ತಿದ್ದಿಲ್ಲ. ಎರಡು ವರ್ಷ! ದಿನಾ ಫೋನಿನ್ಯಾಗ ಊಟ ಆತೇನು, ಮಳಿ ಬಂತೇನು ಅಂತ ಕೇಳೀನಿ, ಇದನ್ನ ಕೇಳಿಲ್ಲ. ಹೌದು ಅನ್ನಾಕ ನೀರು ಬ್ಯಾಡ, ನಮ್ಮ ಸಭ್ಯಾಗ ನಿಂತೂ ಅನ್ನಬಹುದು ಅಂತ ಹೇಳಿದೆ. ಈಗಲೂ ನನ್ನ ಮಾತು ಅದೇ. ಆದ್ರ ಜಗ್ಗಿ ಹಿಡೀಲಿಲ್ಲ. ಒಂದೇ ಕೇಳಿಕೊಂಡೆ: ಮೊದಲಿನದು ಏನೂ ಅಲ್ಲ ಅಂತ ಆ ಮಂದಿ ಮುಂದ ಹೇಳಬ್ಯಾಡ.

ರವಿವಾರ ಟವೆಲ್ ಹಿಡಕೊಂಡು ಕಡೀ ಸಾಲಿನ್ಯಾಗ ಕುಂತೆ. ಸಾಕ್ಷಿ ಹೇಳೂ ಹೊತ್ತಿನ್ಯಾಗ ಅಕಿ ಮೊದಲಿನದರ ಸುದ್ದಿ ಎತ್ತಲಿಲ್ಲ, ಛಲೋನೂ ಅನ್ನಲಿಲ್ಲ, ಕೆಟ್ಟೂ ಅನ್ನಲಿಲ್ಲ. ಸಿಮೆಂಟಿನ ತೊಟ್ಟ್ಯಾಗ ಮುಳುಗಿ ಎದ್ದಳು, ಎಲ್ಲಾರು ಚಪ್ಪಾಳಿ ತಟ್ಟಿದ್ರು. ನಾ ತಟ್ಟಲಿಲ್ಲ, ಎದ್ದು ಹೋಗಿ ತಲಿ ಒರಸಿದೆ. ನಡಗಾಕತ್ತಿದ್ಳು.

ಕಾರಿನ್ಯಾಗ ಬರೂ ಮುಂದ ಅಳಿಯ ಹಾಡು ಹಚ್ಚಿದ್ದ. ಅಕಿ ಹಿಂದ ನನ್ನ ಬಾಜೂಕ ಕುಂತು, ಒದ್ದಿ ಕೂದಲ ಹಿಂಡಿಕೋತ, "ಅವ್ವಾ, ಆ ನರ್ಸ್ ಹೆಸರೇನು?" ಅಂತ ಕೇಳಿದ್ಳು.

ನಾ ಆವತ್ತು ಕೇಳಿದ್ದಿಲ್ಲ. ರಜಿಸ್ಟರಿನ್ಯಾಗೂ ಅಯ್ಯನೋರು 'ದವಾಖಾನಿ ನರ್ಸ್' ಅಂತಷ್ಟೇ ಬರಕೊಂಡಾರ.