ನಾಬೋತನ ತೋಟ, ತಿಕೋಟಾದ ತೋಟ

ನಮ್ಮವ್ವ ದಿನಾ ರಾತ್ರಿ ಊಟ ಆದ ಮೇಲೆ ಸತ್ಯವೇದ ತೆಗೆದು ಒಂದು ಅಧ್ಯಾಯ ಗಟ್ಟಿಯಾಗಿ ಓದುತ್ತಾಳೆ. ನಾವು ಪಕ್ಕದಲ್ಲೇ ಕೂತು ಮೊಬೈಲಿನಲ್ಲಿ ಸುದ್ದಿ ಟೈಪ್ ಮಾಡುತ್ತಿರುತ್ತೇವೆ. ಒಂದು ಕಿವಿ ಅವ್ವನ ಕಡೆ, ಇನ್ನೊಂದು ಡೆಸ್ಕಿನವರ ಫೋನಿನ ಕಡೆ.

ನಾವು ಸ್ಟ್ರಿಂಗರ್. ಪತ್ರಿಕೋದ್ಯಮ ಡಿಪ್ಲೊಮಾ ಮುಗಿಸಿ ಹತ್ತು ವರ್ಷ ಆಯಿತು. ವಿಜಯಪುರ ನಗರ, ತಿಕೋಟಾ, ಬಬಲೇಶ್ವರ ಇವು ಮೂರು ನಮ್ಮ ಪಾಲಿಗೆ ಬಂದ ಹೊಲ. ತಿಂಗಳ ಸಂಬಳ ಇಲ್ಲ, ಅಚ್ಚಾದಷ್ಟು ಸುದ್ದಿಗೆ ರೊಕ್ಕ. ವರದಿಯ ಮೇಲೆ ನಮ್ಮ ಹೆಸರೂ ಇರುವುದಿಲ್ಲ, ಬರೀ ‘ವಾರ್ತೆ’ ಎಂದಿರುತ್ತದೆ. ಈ ಹೆಸರಿಲ್ಲದ ವಿಷಯ ಮುಂದೆ ಬರುತ್ತದೆ, ನೆನಪಿಡಿ.

ಅವ್ವ ಓದುವ ಕಥೆಗಳಲ್ಲಿ ಹೆಚ್ಚಿನವು ಹಳೆಯ ಒಡಂಬಡಿಕೆಯವು. ಯೇಸು ಹುಟ್ಟುವುದಕ್ಕೂ ಎಷ್ಟೋ ನೂರು ವರ್ಷ ಮೊದಲಿನ ಯೆಹೂದ್ಯರ ಕಥೆಗಳು, ಹೀಬ್ರೂ ಭಾಷೆಯಲ್ಲಿ ಬರೆದವು. ನಮ್ಮ ಊರಿನವರಿಗೆ ಈ ಜನ ಹೊಸಬರಲ್ಲ. ಇಬ್ರಾಹಿಂ ರೋಜಾಕ್ಕೆ ಹೆಸರು ಬಂದದ್ದು ಇಬ್ರಾಹಿಂ ಆದಿಲ್‌ಶಾಹನಿಂದ. ಆ ಇಬ್ರಾಹಿಂ ಎಂಬ ಹೆಸರೇ ನಮ್ಮ ಸತ್ಯವೇದದ ಅಬ್ರಹಾಮ. ನಾವು ಯೋಸೇಫ, ದಾವೀದ, ಎಲೀಯ ಅನ್ನುವವರನ್ನು ಪಕ್ಕದ ಓಣಿಯವರು ಯೂಸುಫ್, ದಾವೂದ್, ಇಲಿಯಾಸ್ ಅನ್ನುತ್ತಾರೆ. ಇವರನ್ನು ಕನ್ನಡಕ್ಕೆ ತಂದ ಕೆಲಸ ಶುರುವಾದದ್ದು ಬಳ್ಳಾರಿಯಲ್ಲಿ. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ 1810ರಲ್ಲಿ ಅಲ್ಲಿಗೆ ಬಂದು, ಕನ್ನಡ ಕಲಿತು, ಸಂಗಡಿಗರ ಜೊತೆ ವರ್ಷಗಟ್ಟಲೆ ಕೂತು ಅನುವಾದ ಮಾಡಿದರು. ಮುಂದೆ ಮಂಗಳೂರಿನಲ್ಲಿ ಬಾಸೆಲ್ ಮಿಷನ್ನಿನ ಹರ್ಮನ್ ಮೋಗ್ಲಿಂಗ್ 1843ರ ಜುಲೈ 1ರಂದು ‘ಮಂಗಳೂರ ಸಮಾಚಾರ’ ಹೊರಡಿಸಿದರು. ಅದು ಕನ್ನಡದ ಮೊದಲ ಪತ್ರಿಕೆ. ಹೀಗೆ ಅವ್ವನ ಪುಸ್ತಕಕ್ಕೂ ನಮ್ಮ ಕಸುಬಿಗೂ ಒಂದು ಹಳೇ ಬೀಗತನ ಇದೆ.

ಆದರೂ ಬಹಳ ವರ್ಷ ನಾವು ಈ ಕಥೆಗಳನ್ನು ಕೇಳಿದ್ದು ನಮಗೆ ಸಮಾಧಾನ ಆಗುವ ಹಾಗೆ.

ರೂತಳ ಕಥೆ ನೋಡಿ. ಬೇತ್ಲೆಹೇಮಿನಲ್ಲಿ ಬರ ಬಿತ್ತು. ನೊವೊಮಿ ಎಂಬ ಹೆಣ್ಣುಮಗಳು ಗಂಡ, ಇಬ್ಬರು ಗಂಡುಮಕ್ಕಳ ಜೊತೆ ಮೋವಾಬ್ ದೇಶಕ್ಕೆ ಹೋದಳು. ನಮ್ಮ ಮಾತಿನಲ್ಲಿ ಗುಳೆ ಹೋದಳು. ಅಲ್ಲಿ ಗಂಡ ಸತ್ತ, ಮಕ್ಕಳೂ ಸತ್ತರು. ಬರಿಗೈಯಲ್ಲಿ ಊರಿಗೆ ಮರಳುವಾಗ ಜೊತೆಗೆ ಬಂದವಳು ಸೊಸೆ ರೂತಳು, ಪರದೇಶದವಳು. ಅತ್ತೆಯ ಹೊಟ್ಟೆ ತುಂಬಿಸಲು ಆಕೆ ಬೋವಜ ಎಂಬುವನ ಹೊಲದಲ್ಲಿ ಜವೆಗೋದಿಯ ಹಕ್ಕಲು ಆಯ್ದಳು. ಸತ್ಯವೇದದಲ್ಲಿ ಇರುವ ಮಾತೂ ‘ಹಕ್ಕಲು’ ಎಂದೇ. 1972ರ ಬರದಲ್ಲಿ ಬಬಲೇಶ್ವರದ ಕಡೆಯ ಎರೆಹೊಲಗಳಲ್ಲಿ ನಮ್ಮಜ್ಜಿ ಜೋಳದ ಹಕ್ಕಲು ಆಯ್ದವಳು. ಅವ್ವ ಈ ಭಾಗ ಓದುವಾಗ ದನಿ ಸಣ್ಣದಾಗುತ್ತದೆ. ಹೊಲದ ಅಂಚನ್ನು ಪೂರಾ ಕೊಯ್ಯಬಾರದು, ಬಿದ್ದ ತೆನೆಯನ್ನು ಬಡವರಿಗೂ ಪರದೇಶದವರಿಗೂ ಬಿಡಬೇಕು ಎಂದು ಯಾಜಕಕಾಂಡದಲ್ಲಿ ಕಟ್ಟಳೆ ಇದೆ. ಈ ಕಥೆ ಕೇಳುವಾಗ ನಾವು ಯಾವಾಗಲೂ ರೂತಳ ಪಕ್ಷ.

ಇಸಾಕನ ಬಾವಿಗಳ ಕಥೆಯೂ ಹಾಗೇ. ಅಪ್ಪ ಅಬ್ರಹಾಮ ತೋಡಿಸಿದ ಬಾವಿಗಳಿಗೆ ಆಗದವರು ಮಣ್ಣು ತುಂಬಿದ್ದರು. ಇಸಾಕ ಅವನ್ನು ಮತ್ತೆ ತೋಡಿಸಿ, ಅಪ್ಪ ಇಟ್ಟ ಹೆಸರನ್ನೇ ಇಟ್ಟ. ಹೊಸ ಬಾವಿ ತೋಡಿದರೆ ‘ನೀರು ನಮ್ಮದು’ ಎಂದು ಜಗಳಕ್ಕೆ ಬಂದರು. ಅದನ್ನು ಬಿಟ್ಟು ಇನ್ನೊಂದು ತೋಡಿದ, ಅಲ್ಲೂ ಜಗಳ. ಮೂರನೆಯದಕ್ಕೆ ಯಾರೂ ಬರಲಿಲ್ಲ. ಅದಕ್ಕೆ ರೆಹೋಬೋತ್ ಎಂದು ಹೆಸರಿಟ್ಟ, ನಮಗೂ ಜಾಗ ಸಿಕ್ಕಿತು ಎಂಬ ಅರ್ಥದಲ್ಲಿ. ತಾಜ್ ಬಾವಡಿಯ ಹೂಳು, ಕಸ ತೆಗೆದು ನೀರು ಕಾಣಿಸಿದ ಸುದ್ದಿ ಓದಿದಾಗ ಅವ್ವ ಈ ಕಥೆ ತೆಗೆದು ಓದಿದ್ದಳು. ಅಲ್ಲೂ ನಾವು ಇಸಾಕನ ಪಕ್ಷ.

ಕಥೆಯಲ್ಲಿ ಒಳ್ಳೆಯವರು ಯಾರೋ ಅವರೇ ನಾವು. ಹಾಗೆಂದುಕೊಂಡೇ ಎಷ್ಟೋ ವರ್ಷ ಸುದ್ದಿ ಬರೆದೆವು.

ನಾಲ್ಕು ವರ್ಷದ ಹಿಂದಿನ ಮಾತು. ಜನವರಿ ತಿಂಗಳು. ತಿಕೋಟಾ ತಾಲೂಕಿನ ಒಂದು ಹಳ್ಳಿಯಿಂದ ಇಬ್ಬರು ಬಂದರು. ಹಳ್ಳಿಯ ಹೆಸರು, ಅವರ ಹೆಸರು ಇಲ್ಲಿ ಬೇಡ. ಮೊಬೈಲಿನಲ್ಲಿ ಒಂದು ವಿಡಿಯೊ ತೋರಿಸಿದರು. ರಾತ್ರಿ ಹೊತ್ತು, ಕೆರೆಯ ಒಡ್ಡಿನ ಮೇಲೆ ಹಾದು ಹೋದ ಪೈಪು, ಆಚೆ ಕಡೆ ದ್ರಾಕ್ಷಿ ತೋಟ. ‘ನೋಡ್ರಿ, ಊರ ಕೆರಿ ನೀರ ಕದ್ದು ದ್ರಾಕ್ಷಿಗೆ ಬಿಡಾಕತ್ತಾನ. ಊರಾಗ ಕುಡ್ಯಾಕ ನೀರಿಲ್ಲ’ ಎಂದರು.

ಇಬ್ಬರ ಹೇಳಿಕೆ, ವಿಡಿಯೊ, ದಿನಾಂಕ, ಸರ್ವೆ ನಂಬರ್ ಎಲ್ಲ ಇತ್ತು. ಸಂಜೆ ಆರು ಗಂಟೆಯೊಳಗೆ ಸುದ್ದಿ ಕಳಿಸಬೇಕು. ತೋಟದ ಕಾಕಾನಿಗೆ ಒಮ್ಮೆ ಫೋನ್ ಹಚ್ಚಿದೆವು, ಎತ್ತಲಿಲ್ಲ. ಮತ್ತೆ ಹಚ್ಚಲಿಲ್ಲ. ಮರುದಿನ ಜಿಲ್ಲಾ ಪುಟದಲ್ಲಿ ನಾಲ್ಕು ಕಾಲಂ ಬಂತು. ಕೆರೆ ನೀರಿಗೆ ಕನ್ನ ಹಾಕಿದ್ದಾರೆ ಎಂಬ ತಲೆಬರಹ ಕೊಟ್ಟದ್ದು ಡೆಸ್ಕಿನವರು, ಒಳಗಿನ ಮಾತೆಲ್ಲ ನಮ್ಮದು. ಆ ದಿನ ನಮಗೆ ಎಲೀಯನಷ್ಟು ಹೆಮ್ಮೆ.

ಎರಡು ದಿನದಲ್ಲಿ ಪೈಪು ಬಿಚ್ಚಿಸಿದರು. ಅಕ್ಟೋಬರ್ ಚಾಟ್ನಿ ಮಾಡಿದ ತೋಟದಲ್ಲಿ ಜನವರಿ ಎಂದರೆ ಕಾಯಿ ತುಂಬುವ ಹೊತ್ತು. ದ್ರಾಕ್ಷಿ ಮಾಡಿದವರಿಗೆ ಬಿಡಿಸಿ ಹೇಳುವುದು ಬೇಡ. ಕಾಕಾ ಟ್ಯಾಂಕರ್ ನೀರು ತರಿಸಿ ಒಂದಿಷ್ಟು ಉಳಿಸಿಕೊಂಡರು, ಒಂದಿಷ್ಟು ಬಾಡಿತು. ಅವರು ನಮಗೆ ಫೋನ್ ಮಾಡಿದರು. ಈ ಸಲ ಎತ್ತದವರು ನಾವು.

ಆಮೇಲಿನ ತಿಂಗಳು ಚರ್ಚಿನಲ್ಲಿ ಸಂಡೇ ಸ್ಕೂಲ್ ಮಕ್ಕಳಿಗೆ ಒಂದು ಕಥೆ ಹೇಳುವ ಪಾಳಿ ನಮಗೆ ಬಂತು. ನಮ್ಮ ಕಡೆ ಮಕ್ಕಳಿಗೆ ದ್ರಾಕ್ಷಿ ಗೊತ್ತಲ್ಲ ಎಂದು ನಾಬೋತನ ತೋಟದ ಕಥೆ ಆರಿಸಿಕೊಂಡೆವು. ಅರಸುಗಳು ಮೊದಲನೆಯ ಪುಸ್ತಕ, ಇಪ್ಪತ್ತೊಂದನೆಯ ಅಧ್ಯಾಯ.

ಅರಸ ಅಹಾಬನ ಅರಮನೆಯ ಪಕ್ಕದಲ್ಲೇ ನಾಬೋತ ಎಂಬ ರೈತನ ದ್ರಾಕ್ಷಿ ತೋಟ ಇತ್ತು. ಅರಸನಿಗೆ ಅಲ್ಲಿ ಕಾಯಿಪಲ್ಯ ಬೆಳೆಸುವ ಆಸೆ. ಬದಲಿಗೆ ಇದಕ್ಕಿಂತ ಚಲೋ ತೋಟ ಕೊಡುತ್ತೇನೆ, ಇಲ್ಲ ಬೆಲೆ ಕೊಡುತ್ತೇನೆ ಎಂದ. ನಾಬೋತ ಒಲ್ಲೆ ಎಂದ. ಹಿರಿಯರಿಂದ ಬಂದ ಭೂಮಿ ಅದು. ಭೂಮಿ ದೇವರದು, ಅದನ್ನು ಕಾಯಂ ಆಗಿ ಮಾರಬಾರದು ಎಂಬುದು ಆ ಜನರ ಕಟ್ಟಳೆ. ಅರಸ ಮುಖ ಆಚೆ ತಿರುಗಿಸಿ ಹಾಸಿಗೆ ಮೇಲೆ ಬಿದ್ದ, ಊಟ ಬಿಟ್ಟ. ರಾಣಿ ಈಜೆಬೆಲ್ ‘ನಾನು ಕೊಡಿಸುತ್ತೇನೆ’ ಎಂದಳು. ಅರಸನ ಹೆಸರಿನಲ್ಲಿ ಪತ್ರ ಬರೆದು, ಅವನ ಮುದ್ರೆ ಒತ್ತಿ, ಊರ ಹಿರಿಯರಿಗೆ ಕಳಿಸಿದಳು. ಉಪವಾಸದ ದಿನ ಸಾರಿದರು. ನಾಬೋತನನ್ನು ಜನರ ಮುಂದೆ ಕೂರಿಸಿದರು. ಇಬ್ಬರು ಬಂದು ಇವನು ದೇವರನ್ನೂ ಅರಸನನ್ನೂ ಬೈದ ಎಂದು ಸಾಕ್ಷಿ ಹೇಳಿದರು. ಊರ ಹೊರಗೆ ಒಯ್ದು ಕಲ್ಲೆಸೆದು ಕೊಂದರು. ಅರಸ ತೋಟ ವಶ ಮಾಡಿಕೊಳ್ಳಲು ಹೋದರೆ ಅಲ್ಲಿ ಪ್ರವಾದಿ ಎಲೀಯ ಎದುರಾದ.

ನಾವು ಎಲೀಯನ ಭಾಗವನ್ನು ಜೋರಾಗಿ ಹೇಳಿದೆವು. ಪತ್ರಕರ್ತರು ಹೀಗಿರಬೇಕು ಎಂದೂ ಸೇರಿಸಿದೆವು. ಮುಂದೆ ಕೂತ ಒಂದು ಹುಡುಗಿ, ಐದನೇ ಇಯತ್ತೆ ಇರಬೇಕು, ಕೈ ಎತ್ತಿತು. ‘ಸರ, ಸುಳ್ಳ ಹೇಳಿದ ಆ ಇಬ್ಬರ ಹೆಸರ ಏನ್ರಿ?’

ಪುಸ್ತಕ ತಿರುವಿ ನೋಡಿದೆವು. ಹೆಸರಿಲ್ಲ. ಅರಸನಿಗೆ ಹೆಸರಿದೆ, ರಾಣಿಗಿದೆ, ರೈತನಿಗಿದೆ, ಪ್ರವಾದಿಗಿದೆ. ಆ ಇಬ್ಬರಿಗೆ ಇಲ್ಲ.

‘ಹೆಸರ ಬರದಿಲ್ಲವ್ವಾ’ ಎಂದೆವು. ಬಾಯಲ್ಲಿ ಆ ಮಾತು ಬಂದಾಗಲೇ ಜಿಲ್ಲಾ ಪುಟದ ನಾಲ್ಕು ಕಾಲಂ ಕಣ್ಣ ಮುಂದೆ ಬಂತು. ಅದರ ಮೇಲೂ ಹೆಸರಿರಲಿಲ್ಲ.

ಆ ರಾತ್ರಿ ಅಧ್ಯಾಯವನ್ನು ಮತ್ತೆ ಓದಿದೆವು. ಇಬ್ಬರು ಮೂವರ ಸಾಕ್ಷಿ ಇಲ್ಲದೆ ಯಾರನ್ನೂ ತಪ್ಪಿತಸ್ಥ ಅನ್ನಬಾರದು ಎಂದು ಧರ್ಮೋಪದೇಶಕಾಂಡದಲ್ಲಿ ಬರೆದಿದೆ. ನಾಬೋತನ ವಿಷಯದಲ್ಲಿ ಅದೂ ಆಗಿತ್ತು. ಸಾಕ್ಷಿ ಎರಡು, ಹಿರಿಯರ ಸಭೆ, ಮುದ್ರೆ ಒತ್ತಿದ ಪತ್ರ, ಮೇಲೆ ಉಪವಾಸ. ಕಾಗದದಲ್ಲಿ ಒಂದು ಲೋಪ ಇಲ್ಲ. ಆದರೆ ಅದೇ ಕಟ್ಟಳೆಯಲ್ಲಿ ನ್ಯಾಯಾಧೀಶರು ಚೆನ್ನಾಗಿ ವಿಚಾರಿಸಬೇಕು ಎಂದೂ ಇದೆ. ಅದನ್ನು ಯಾರೂ ಮಾಡಲಿಲ್ಲ. ಇಡೀ ಸಭೆಯಲ್ಲಿ ನಾಬೋತನ ಒಂದು ಮಾತೂ ಇಲ್ಲ. ನೀನು ಏನನ್ನುತ್ತೀ ಎಂದು ಯಾರೂ ಕೇಳಿದಂತೆ ಕಾಣುವುದಿಲ್ಲ.

ನಮ್ಮ ವರದಿಯಲ್ಲೂ ಕಾಕಾನ ಒಂದು ಮಾತು ಇರಲಿಲ್ಲ.

ಅವ್ವನಿಗೆ ಎಲ್ಲ ಹೇಳಿದೆವು. ಆಕೆ ಕನ್ನಡಕ ತೆಗೆದು ಕೇಳಿದ್ದು ಇಷ್ಟೇ: ‘ತಮ್ಮಾ, ಹೋಗಿ ಬಂದಿಯೇನು ಅವರ ಮನಿಗೆ?’

ಮರುದಿನ ಬಸ್ ಹತ್ತಿ ಹೋದೆವು. ಕಾಕಾ ತೋಟದಲ್ಲೇ ಇದ್ದರು. ಬೈಯಲಿಲ್ಲ. ‘ಬರ್ರಿ ಪೇಪರ್‌ನವರ, ನೋಡ್ರಿ’ ಎಂದು ಪೈಪಿನ ಗುಂಟ ಕರೆದೊಯ್ದರು. ಕೆರೆ ಒಡ್ಡು ದಾಟಿ ಆಚೆ ಅವರದೇ ಇನ್ನೊಂದು ತುಂಡು ಹೊಲ, ಅದರಲ್ಲಿ ಅವರದೇ ಬಾವಿ. ಪೈಪು ಹೊರಡುವುದು ಅಲ್ಲಿಂದ. ವಿಡಿಯೊದಲ್ಲಿ ಇದ್ದದ್ದು ನಡುವಿನ ಒಡ್ಡು ಮಾತ್ರ. ನಡೆದು ನೋಡಲು ನಮಗೆ ಹತ್ತು ನಿಮಿಷ ಹಿಡಿಯಿತು.

ತೋಟದ ಮೂಲೆಯಲ್ಲಿ ಒಂದು ಗದ್ದಿಗೆ ಇತ್ತು. ತಿಕೋಟಾ ತಾಲೂಕು ಆದ ಮೇಲೆ ರಸ್ತೆ ಮಗ್ಗುಲಿನ ಭೂಮಿಗೆ ಬೆಲೆ ಬಂದಿದೆ. ಆ ಇಬ್ಬರು ರಸ್ತೆಗೆ ಹತ್ತಿದ ಒಂದು ಎಕರೆ ಕೇಳಿದ್ದರಂತೆ, ಎರಡು ಸಲ. ‘ಅಜ್ಜನ ಗದ್ದಿಗಿ ಐತ್ರಿ ಇದರಾಗ. ಹ್ಯಾಂಗ ಕೊಡಲಿ?’ ಎಂದರು ಕಾಕಾ. ಅವರು ಲಿಂಗಾಯತರು, ನಾಬೋತನ ಹೆಸರು ಕೇಳಿದವರಲ್ಲ. ಉತ್ತರ ಮಾತ್ರ ಅವನದೇ.

ತಪ್ಪಾಯಿತು ಎಂದೆವು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ನೀವ ಬಂದ ಹೇಳಿದ್ದು ನಾ ಒಬ್ಬವ ಕೇಳಿದ್ನಿ. ಪೇಪರ್ ಓದಿದವರು ಎಷ್ಟ ಮಂದಿ?’ ಎಂದರು.

ಇದಕ್ಕೆ ಉತ್ತರ ಹುಡುಕುವಾಗ ಅವ್ವನ ಪುಸ್ತಕದಲ್ಲೇ ಇನ್ನೊಂದು ಕಟ್ಟಳೆ ಸಿಕ್ಕಿತು. ಮೋಸದಿಂದ ಇನ್ನೊಬ್ಬರದು ತೆಗೆದುಕೊಂಡವನು ಅದನ್ನು ಪೂರಾ ಹಿಂದಕ್ಕೆ ಕೊಟ್ಟು, ಮೇಲೆ ಐದನೇ ಒಂದು ಪಾಲು ಸೇರಿಸಿ ಕೊಡಬೇಕು. ಯಾಜಕಕಾಂಡದ ಆರನೇ ಅಧ್ಯಾಯದಲ್ಲಿದೆ. ದೇವರಿಗೆ ಬಲಿ ಕೊಡುವ ಮಾತು ಅಲ್ಲಿ ಬರುವುದು ಅದಾದ ಮೇಲೆ. ಮೊದಲು ಮನುಷ್ಯನ ಲೆಕ್ಕ ಚುಕ್ತಾ ಆಗಬೇಕು. ನಮ್ಮ ಕಸುಬಿನ ನಿಯಮವೂ ಬಹಳ ದೂರ ಇಲ್ಲ. ತಪ್ಪು ಗೊತ್ತಾದ ಕೂಡಲೇ ತಕ್ಕ ಪ್ರಾಮುಖ್ಯತೆ ಕೊಟ್ಟು ತಿದ್ದುಪಡಿ ಹಾಕಬೇಕು ಎನ್ನುತ್ತದೆ ಭಾರತೀಯ ಪತ್ರಿಕಾ ಮಂಡಳಿ. ನಾಲ್ಕು ಕಾಲಂ ತಪ್ಪಿಗೆ ಪತ್ರಿಕೆಯಲ್ಲಿ ಸಿಕ್ಕಿದ್ದು ಮೂರು ಸಾಲು. ಉಳಿದದ್ದು ನಾವು ತೀರಿಸಬೇಕಾದ ಬಾಕಿ.

ಆ ವಿಡಿಯೊ ಓಡಾಡಿದ್ದ ವಾಟ್ಸಾಪ್ ಗುಂಪುಗಳನ್ನು ಹುಡುಕಿ, ಬಾವಿಯಿಂದ ತೋಟದ ತನಕ ಪೂರಾ ಪೈಪು ಕಾಣುವ ವಿಡಿಯೊ ಮಾಡಿ, ನಮ್ಮ ಹೆಸರು ಹಾಕಿ, ತಪ್ಪು ಬರೆದವರು ನಾವೇ ಎಂದು ಹಾಕಿದೆವು. ಕಚೇರಿಗೂ ಬರೆದುಕೊಟ್ಟೆವು, ಪೈಪು ಮತ್ತೆ ಜೋಡಿಸಿದರು. ಕೆಲವು ಗುಂಪಿನವರು ನಮ್ಮನ್ನು ಹೊರಗೆ ಹಾಕಿದರು. ಇಬ್ಬರು ಗೆಳೆಯ ಬಾತ್ಮಿದಾರರು ‘ಇನ್ನ ನಿನ್ನ ಸುದ್ದಿ ಯಾರ ನಂಬತಾರ’ ಎಂದರು. ಬಾಡಿದ ಕಾಯಿ ಮಾತ್ರ ಮತ್ತೆ ತುಂಬಲಿಲ್ಲ. ಕಥೆಯಲ್ಲೂ ಅಹಾಬ ಬಟ್ಟೆ ಹರಿದುಕೊಂಡು ಗೋಣಿತಟ್ಟು ಸುತ್ತಿ ತಗ್ಗಿದ, ದೇವರು ಅವನಿಗೆ ಸ್ವಲ್ಪ ಕಾಲ ಕೊಟ್ಟ. ನಾಬೋತ ಎದ್ದು ಬರಲಿಲ್ಲ.

ಈಗ ನಮ್ಮ ಡೈರಿಯಲ್ಲಿ ಪ್ರತಿ ಸುದ್ದಿಯ ಕೆಳಗೆ ಒಂದು ಗೆರೆ ಖಾಲಿ ಬಿಡುತ್ತೇವೆ. ಯಾರ ಮೇಲೆ ಆರೋಪ ಇದೆಯೋ ಅವರ ಮಾತು ಬರೆಯಲು. ಆ ಗೆರೆ ತುಂಬುವ ತನಕ ಸುದ್ದಿ ಕಳಿಸುವುದಿಲ್ಲ. ಇದರಿಂದ ತಿಂಗಳಿಗೆ ಮೂರು ನಾಲ್ಕು ಸುದ್ದಿ ತಪ್ಪುತ್ತವೆ, ಅಷ್ಟು ರೊಕ್ಕ ಹೋಗುತ್ತದೆ.

ನೀವು ಬಾತ್ಮಿದಾರರು ಅಲ್ಲದಿರಬಹುದು. ಆದರೆ ನಿಮ್ಮ ಕೈಯಲ್ಲೂ ಫೋನ್ ಇದೆ. ಊರಿನ ಯಾರದೋ ವಿಡಿಯೊ ಬಂದು, ಮುಂದಕ್ಕೆ ಕಳಿಸಲು ಹೆಬ್ಬೆರಳು ಹೋದಾಗ, ಇದರಲ್ಲಿ ಯಾರ ಮಾತು ಇಲ್ಲ ಎಂದು ಒಮ್ಮೆ ಕೇಳಿಕೊಳ್ಳಿ. ಅವರ ಮನೆ ಹತ್ತು ನಿಮಿಷದ ದಾರಿ ಇರಬಹುದು.

ಕಾಕಾ ಈಗಲೂ ತಿಕೋಟಾ ಬಸ್ ನಿಲ್ದಾಣದಲ್ಲಿ ಸಿಗುತ್ತಾರೆ. ಒಂದೊಂದು ಸಲ ಮಾತಾಡಿಸುತ್ತಾರೆ, ಒಂದೊಂದು ಸಲ ಆ ಕಡೆ ನೋಡುತ್ತಾರೆ. ನಾವಂತೂ ಪ್ರತಿ ಸಲ ನಮಸ್ಕಾರ ಮಾಡುತ್ತೇವೆ.